ಕೂಸಿನ ಎದೆಯಲ್ಲಿ ಹುಡುಕಿದ ಹಕ್ಕಿ

“ಹಾಲಿನ ವಾಸನಿ ಇಲ್ಲದವರು ಯಾರದೀರಿ? ಅವರು ಎತ್ಕೋರಿ ಕೂಸನ್ನ,” ಎಂದಳು ಹುಬ್ಬಳ್ಳಿ ದವಾಖಾನೆಯ ನರ್ಸಮ್ಮ.

ಸ್ಕ್ಯಾನ್ ಕೋಣೆಯ ಹೊರಗೆ ಬೆಂಚಿನ ಮೇಲೆ ನಾವು ಮೂವರು ಹೆಂಗಸರು ಕೂತಿದ್ದೆವು. ಕೂಸಿನ ತಾಯಿ, ಅಂದರೆ ನನ್ನ ಮಗಳು. ಅವಳ ಅತ್ತೆ, ಅಂದರೆ ನನ್ನ ಬೀಗತಿ. ಮೂರನೆಯವಳು ನಾನು. ಮತ್ತು ಬರಿಸುವ ಔಷಧಿ ಕೊಡಬೇಕಾದ್ದರಿಂದ ಕೂಸಿನ ಹೊಟ್ಟೆ ಖಾಲಿ ಇರಬೇಕಿತ್ತು. ತಾಯಿ ಎತ್ತಿಕೊಂಡರೆ ಹಾಲಿನ ವಾಸನೆ ಹಿಡಿದು ಬಾಯಿ ತೆರೆಯುತ್ತದೆ, ಸಿಗದಿದ್ದರೆ ಅಳುತ್ತದೆ, ಅತ್ತರೆ ನೀಲಿಗಟ್ಟುತ್ತದೆ.

“ನಮ್ಮಿಬ್ಬರವೂ ಬತ್ತಿದ ಕೆರಿ ಅದಾವ ಬಿಡವಾ,” ಎಂದರು ಬೀಗತಿ. “ಯಾರರೆ ಎತ್ಕೋತೀವಿ. ತಾ ಇತ್ತ.”

ನರ್ಸಮ್ಮನೂ ನಕ್ಕಳು. ಆ ಹೊತ್ತಿನಲ್ಲೂ ನಗು ಬಂತಲ್ಲ ಎಂದು ಶಿವನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಬೀಗತಿಯ ಮೊಣಕಾಲು ನೋಯುತ್ತಿದ್ದುದರಿಂದ ಎತ್ತಿಕೊಂಡು ಅಡ್ಡಾಡುವುದು ನನ್ನ ಪಾಲಿಗೆ ಬಂತು.

ಹಸಿದ ಕೂಸನ್ನು ಅಳದಂತೆ ಇಟ್ಟುಕೊಳ್ಳುವುದೂ ಒಂದು ಕೆಲಸವೇ ಎಂದು ಕೇಳುವವರು ಇರಬಹುದು. ಅಡುಗೆ, ಪೂಜೆ, ಬಾಣಂತನ ಬಿಟ್ಟು ಬೇರೆ ಕೆಲಸ ಅರಿಯದ ನನಗೆ ಅಷ್ಟು ಕಠಿಣ ಕೆಲಸ ಇನ್ನೊಂದು ಬಂದಿರಲಿಲ್ಲ. ಕೂಸಿನ ಮುಖವನ್ನು ಹೊರಗಡೆಗೆ ಮಾಡಿ, ಬೆನ್ನನ್ನು ನನ್ನ ಎದೆಗೆ ಹಚ್ಚಿ ಹಿಡಿಯಬೇಕು. ಒಳಗಡೆಗೆ ಮಾಡಿದರೆ ಬತ್ತಿದ ಎದೆಯಲ್ಲೂ ಅದು ಹುಡುಕುತ್ತದೆ. ನಡೆಯುತ್ತಲೇ ಇರಬೇಕು, ನಿಂತರೆ ಹಸಿವು ನೆನಪಾಗುತ್ತದೆ. ಒದ್ದೆ ಅರಿವೆಯಲ್ಲಿ ತುಟಿ ಒರೆಸಬೇಕು, ಆದರೆ ಒಂದು ಹನಿಯೂ ಒಳಗೆ ಹೋಗಬಾರದು. ನಡುನಡುವೆ ಉಗುರು ನೋಡಬೇಕು. ಉಗುರು ತಿಳಿನೀಲಿ ಇದ್ದರೆ ಅದು ನಮ್ಮ ಕೂಸಿನ ಚಲೋ ಬಣ್ಣ. ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದರೆ ಕೂಗಿ ಕರೆಯಬೇಕು.

ಮಗಳನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದೇವೆ. ಅಳಿಯಂದಿರು ಮಗ್ಗದ ಮೇಲೆ ಸೀರೆ ನೇಯುವವರು. ಚೊಚ್ಚಲ ಹೆರಿಗೆಗೆ ಅವಳು ನಮ್ಮ ರೋಣಕ್ಕೆ ಬಂದಿದ್ದಳು. ಹೆಣ್ಣು ಕೂಸು, ತೂಕ ಚಲೋ ಇತ್ತು, ಅಳು ಜೋರಾಗಿತ್ತು. ಅತ್ತಾಗ ತುಟಿ ಕಪ್ಪಾಗುವುದನ್ನು ಮೊದಲು ಕಂಡವಳು ನಾನು. ಎರೆದು ಒರೆಸುವಾಗ ಬೆಳಕಿಗೆ ಹಿಡಿದಿದ್ದೆ. ಊರಿನ ಮಕ್ಕಳ ಡಾಕ್ಟರು ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಬಡಿತದ ಸದ್ದಿನ ಹಿಂದೆ ಇನ್ನೊಂದು ಸದ್ದು, ಬಿಡುವೇ ಇಲ್ಲದೆ ಸುಂಯ್ ಎನ್ನುವಂಥದ್ದು, ಇದೆ ಎಂದರು. ಹುಬ್ಬಳ್ಳಿಗೆ ಹೋಗಿ ಎಕೋ ಮಾಡಿಸಲು ಹೇಳಿದರು.

ಎಕೋ ಎಂದರೆ ಎದೆಗೆ ತಣ್ಣನೆಯ ಅಂಟು ಹಚ್ಚಿ, ಒಂದು ಗುಂಡಿಯಂಥದ್ದನ್ನು ಆಡಿಸುತ್ತ ಒಳಗಿನ ಹೃದಯವನ್ನು ಪರದೆಯ ಮೇಲೆ ನೋಡುವುದು. ಅದನ್ನು ಮಾಡಿದ ಹೃದಯದ ಡಾಕ್ಟರು ಧಾರವಾಡ ಕಡೆಯವರು. ನಮ್ಮನ್ನೆಲ್ಲ ಕೂಡಿಸಿಕೊಂಡು ಒಂದು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಹೃದಯದಲ್ಲಿ ನಾಲ್ಕು ಕೋಣೆ, ಮೇಲೆ ಎರಡು, ಕೆಳಗೆ ಎರಡು. ಬಲಗಡೆಯ ಕೆಳಕೋಣೆಯಿಂದ ಒಂದು ದೊಡ್ಡ ನಾಳ ಹೊರಟು, ಎರಡು ಕವಲಾಗಿ ಎರಡೂ ಪುಪ್ಪುಸಕ್ಕೆ ರಕ್ತ ಒಯ್ಯಬೇಕು. ಎಡಗಡೆಯ ಕೆಳಕೋಣೆಯಿಂದ ಮಹಾಧಮನಿ ಹೊರಟು ಇಡೀ ಮೈಗೆ ಒಯ್ಯಬೇಕು. ನಮ್ಮ ಕೂಸಿಗೆ ಪುಪ್ಪುಸದ ನಾಳದ ಬಾಗಿಲು ತೆರೆದೇ ಇರಲಿಲ್ಲ. ಎರಡು ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಮಹಾಧಮನಿ ಆ ಗೋಡೆಯ ತಲೆಯ ಮೇಲೆ ಎರಡೂ ಕಡೆ ಕಾಲು ಚಾಚಿ ಕೂತಿತ್ತು.

“ಮತ್ತ ಹ್ಯಾಂಗ ಜೀವ ಹಿಡದೈತ್ರಿ ಇದು?” ಎಂದು ಬೀಗತಿ ಕೇಳಿದರು.

“ಮಹಾಧಮನಿ ಬೆನ್ನಿನ ಕಡೆ ಇಳೀತೈತಲ್ಲ, ಅಲ್ಲಿಂದ ಸಣ್ಣ ಸಣ್ಣ ನಾಳ ಒಡದು ಪುಪ್ಪುಸಕ್ಕ ಹೋಗ್ಯಾವ. ಅವು ಇರಬೇಕಾದವಲ್ಲ. ದೇಹ ತಾನ ಮಾಡಿಕೊಂಡಿದ್ದು.”

“ಅಂದ್ರ ಮುಂಚಿ ಬಾಗಲಾ ಹಾಕೇತಿ. ಹಿತ್ತಲ ಬಾಗಲ್ಲೇ ಕೊಡಾ ತರಾಕ ಹತ್ತೇತಿ ಅನ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಇದನ್ನ ನಾ ಹುಡುಗರಿಗೆ ಕಲಿಸೂ ಮುಂದ ಹಿಂಗ ಹೇಳ್ತೀನಿ ಅಮ್ಮಾ ಇನ್ನ,” ಎಂದರು.

ಆಮೇಲೆ ಅವರು ಹೇಳಿದ ಮಾತಿನ ಮೇಲೆಯೇ ನಮ್ಮ ಮುಂದಿನ ದಿನಗಳೆಲ್ಲ ನಿಂತವು. ಬಾಗಿಲು ಮುಚ್ಚಿದ್ದರೂ, ಅದರ ಆಚೆ ಪುಪ್ಪುಸದ ನಾಳದ ಎರಡು ಕವಲುಗಳು ಇದ್ದರೂ ಇರಬಹುದು. ಸಣ್ಣವು, ಬಾಡಿದವು, ಆದರೆ ಒಂದಕ್ಕೊಂದು ಕೂಡಿದವು. ಅಡ್ಡ ಕೊಯ್ದ ಚಿತ್ರದಲ್ಲಿ ಅವು ರೆಕ್ಕೆ ಚಾಚಿ ಹಾರುವ ಹಕ್ಕಿಯ ಹಾಗೆ ಕಾಣುತ್ತವೆ. ಮಕ್ಕಳು ಪಾಟಿಯ ಮೇಲೆ ಆಕಾಶದಲ್ಲಿ ಹಕ್ಕಿ ಬರೆಯುತ್ತಾರಲ್ಲ, ಎರಡೇ ಗೆರೆ, ಹಾಗೆ.

“ಹಕ್ಕಿ ಎಷ್ಟ ಸಣ್ಣದಿದ್ರೂ ಚಿಂತಿಲ್ಲ. ಇದ್ರ ಸಾಕು. ಅದಕ್ಕ ರಕ್ತ ಹಾಯಿಸಿ ಬೆಳಸಬಹುದು, ಮುಂದ ಆಪರೇಶನ್ನಿಗೆ ದಾರಿ ಐತಿ. ಇರದಿದ್ರ...” ಎಂದು ಅವರು ಹಾಳೆಯನ್ನು ಮಡಚಿದರು. “ಎಕೋದಾಗ ಅದು ಕಾಣಂಗಿಲ್ಲ. ಪುಪ್ಪುಸದ ತುಂಬ ಗಾಳಿ, ಗಾಳಿ ದಾಟಿ ಎಕೋ ಹೋಗಂಗಿಲ್ಲ. ಸಿಟಿ ಸ್ಕ್ಯಾನೇ ಆಗಬೇಕು.”

ಹೀಗಾಗಿ ನಾವು ಆ ಬೆಂಚಿಗೆ ಬಂದು ಕೂತಿದ್ದು.

ಸ್ಕ್ಯಾನ್ ಮಾಡುವವನು ಹೊರಗೆ ಬಂದು ಕೂಸಿನ ಮೈಮೇಲಿನದ್ದೆಲ್ಲ ತೆಗೆಯಲು ಹೇಳಿದ. ಕಾಲ್ಗಡಗ ತೆಗೆದೆವು, ಉಡದಾರ ತೆಗೆದೆವು. ಕೊರಳಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ ಇತ್ತು.

“ಅದನ್ನೂ ತಗೀಬೇಕ್ರಿ ಅಜ್ಜಿ. ಬೆಳ್ಳಿ ಅಡ್ಡ ಬಂದ್ರ ಚಿತ್ರ ಕೆಡತೈತಿ.”

“ಬೆಳ್ಳಿ ತಗದು ಅರಿವ್ಯಾಗ ಕಟ್ಟತೀವಿ,” ಎಂದರು ಬೀಗತಿ.

“ಒಳಗಿಂದು ಕಲ್ಲಲ್ಲೇನ್ರಿ? ಅದೂ ಕಾಣತೈತಿ.”

ನಮ್ಮಲ್ಲಿ ಬಸುರಿಗೆ ಎಂಟು ತಿಂಗಳಾದಾಗ ಹೊಟ್ಟೆಯೊಳಗಿನ ಕೂಸಿಗೆ ಗುರುಗಳಾದ ಅಯ್ಯನವರು ಲಿಂಗ ಕೊಡುತ್ತಾರೆ. ಹುಟ್ಟುವವರೆಗೆ ತಾಯಿ ತನ್ನ ಲಿಂಗದ ಜೊತೆ ಅದನ್ನೂ ಕಟ್ಟಿಕೊಂಡಿರುತ್ತಾಳೆ, ಹುಟ್ಟಿದ ಮೇಲೆ ಕೂಸಿನ ಕೊರಳಿಗೆ ಬರುತ್ತದೆ. ಆಮೇಲೆ ಜೀವ ಇರುವತನಕ ಮೈಬಿಟ್ಟು ಹೋಗಬಾರದು. ಬೆಳಿಗ್ಗೆಯಷ್ಟೇ ಡಾಕ್ಟರು ನಮಗೆಲ್ಲ ಹೇಳಿದ್ದರು, ಇಂಥ ಹೃದಯದ ಕೂಸಿಗೆ ಮತ್ತು ಬರಿಸುವುದು ಹಗುರ ಮಾತಲ್ಲ, ಉಸಿರು ನಿಂತರೂ ನಿಲ್ಲಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು. ಆ ಮಾತು ನನ್ನ ಕಿವಿಗೆ ಬಿದ್ದು ಅಲ್ಲೇ ನಿಂತಿತ್ತು. ಬೀಗತಿಯ ಕಿವಿಯಿಂದ ಅದು ಎಲ್ಲಿಯವರೆಗೆ ಇಳಿದಿತ್ತು ಎಂದು ನನಗೆ ತಿಳಿಯಲಿಲ್ಲ. ಅವರು ಕೂಸಿನ ಕೊರಳಿನ ಶಿವದಾರ ಬಿಚ್ಚಿ, ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿನಲ್ಲಿ ಕಟ್ಟಿದರು.

ಕೂಸನ್ನು ಒಳಗೆ ಒಯ್ದರು. ಮೊದಲು ಒಂದು ಸಾದಾ ಚಿತ್ರ ತೆಗೆದು ಎದೆಗೆ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ಸೂಜಿಯಿಂದ ಡೈ ಎಂಬ ಔಷಧಿ ಬಿಟ್ಟು, ಅದು ರಕ್ತದ ಜೊತೆ ಹೃದಯಕ್ಕೆ ಬಂದ ಗಳಿಗೆಗೆ ಸರಿಯಾಗಿ ಅಸಲಿ ಚಿತ್ರ ತೆಗೆಯುತ್ತಾರೆ. ಸಾದಾ ಚಿತ್ರವಾಯಿತು. ಅಷ್ಟರಲ್ಲಿ ಕೈಯ ಸೂಜಿ ಸರಿದು ಅಂಗೈ ಬಾತಿತು. ಹೊರಗೆ ತಂದು ಪಾದದಲ್ಲಿ ನರ ಹುಡುಕಿದರು. ಕೂಸು ಎಚ್ಚರಾಗಿ ಚೀರಿತು. ಅದರ ಚೀರಾಟ ಕೇಳಿದ್ದೇ ಮಗಳ ಎದೆ ಸೋರಿ ರವಿಕೆ ತೊಯ್ದುಹೋಯಿತು. ನಾನು ಅವಳನ್ನು ಕರೆದುಕೊಂಡು, ಒಣ ಅರಿವೆ ತರಲು ಕೆಳಗೆ ಗಾಡಿಗೆ ಹೋದೆ.

ಮೇಲೆ ಬಂದಾಗ ಕೂಸು ಸುಮ್ಮನಾಗಿತ್ತು. ಬೀಗತಿ ಅದನ್ನು ನಾನು ಹೊಲಿದ ಕೌದಿಯಲ್ಲಿ ಗಟ್ಟಿ ಸುತ್ತಿ ತಟ್ಟುತ್ತಿದ್ದರು. ಒಳಗಿನವರು ಅವಸರದಲ್ಲಿದ್ದರು. ಮತ್ತಿನ ಔಷಧಿ ಇನ್ನಷ್ಟು ಕೊಟ್ಟಿದ್ದರಿಂದ ಅದು ಇಳಿಯುವುದರೊಳಗೆ ಮುಗಿಸಬೇಕಿತ್ತು. ಕೌದಿ ಸಮೇತ ಎತ್ತಿಕೊಂಡು ಹೋದರು.

ಚಿತ್ರ ತೆಗೆದಾದ ಮೇಲೆ ಬಾಗಿಲು ತೆರೆದದ್ದು ಸ್ಕ್ಯಾನ್ ಮಾಡುವವನೇ. ಅವನ ಬೆರಳಿನಲ್ಲಿ ಶಿವದಾರ, ದಾರದ ತುದಿಗೆ ಬೆಳ್ಳಿಯ ಕರಡಿಗೆ ತೂಗುತ್ತಿತ್ತು.

“ಯಾರ ಕಟ್ಟಿದ್ರಿ ಇದನ್ನ?”

ಬೀಗತಿಯ ಕೈ ಸೆರಗಿನ ಗಂಟಿಗೆ ಹೋಯಿತು. ಗಂಟು ಖಾಲಿ ಇತ್ತು.

ಸಂಜೆಯ ಹೊತ್ತಿಗೆ ಡಾಕ್ಟರು ನಮ್ಮನ್ನು ಪರದೆಯ ಮುಂದೆ ಕೂಡಿಸಿದರು. ಡೈ ತುಂಬಿದ ಕಡೆ ರಕ್ತ ಬೆಳ್ಳಗೆ, ಪುಪ್ಪುಸ ಕಪ್ಪಗೆ, ಎಲುಬು ಇನ್ನಷ್ಟು ಬೆಳ್ಳಗೆ. ಮಹಾಧಮನಿ ಕಂಡಿತು, ಗೋಡೆಯ ತೂತು ಕಂಡಿತು. ಅದರ ಹಿಂದೆ, ಹಕ್ಕಿ ಇರಬೇಕಾದ ಜಾಗದಲ್ಲಿ, ಹೊತ್ತು ಮೂಡುವಾಗ ಕಿರಣ ಚೆಲ್ಲಿದ ಹಾಗೆ ಬಿಳಿ ಗೆರೆಗಳು ನಾಲ್ಕೂ ದಿಕ್ಕಿಗೆ ಚೆಲ್ಲಿದ್ದವು. ಅವುಗಳ ನಡುವೆ ಏನಿದೆ, ಏನಿಲ್ಲ ಎಂದು ಹೇಳಲು ಬರುತ್ತಿರಲಿಲ್ಲ.

“ಇನ್ನೊಮ್ಮಿ ಸಾದಾ ಚಿತ್ರ ತಗದು ನೋಡಬೇಕಾಗಿತ್ತು. ಅವಸರ ನಮ್ದೂ ಐತಿ,” ಎಂದರು ಡಾಕ್ಟರು. ಅವರು ಬಯ್ಯಲಿಲ್ಲ. ಬೈದಿದ್ದರೆ ಚಲೋ ಇತ್ತು. “ಡೈ ಕಿಡ್ನಿಗೆ ಭಾರ, ಮತ್ತಿನ ಔಷಧಾನೂ ಅಷ್ಟ. ಸುಧಾರಿಸಲಿ, ಕೆಲವು ವಾರ ಬಿಟ್ಟು ಬರ್ರಿ.”

ಗಾಡಿ ನರಗುಂದದ ಗುಡ್ಡ ದಾಟಿತು. ಮುಂದೆ ಅಳಿಯಂದಿರು, ಹಿಂದೆ ನಾವು. ಕೂಸು ತಾಯಿಯ ಮಡಿಲಲ್ಲಿ ಹಾಲು ಕುಡಿದು, ದಣಿದು, ಹಣೆಯ ಮೇಲೆ ಬೆವರಿಟ್ಟು ಮಲಗಿತ್ತು. ಮಗಳೇ ಮೊದಲು ಬಾಯಿ ತೆರೆದಳು.

“ಅತ್ತೀ, ನಿಮಗ ಕೂಸು ಬೇಕಾಗಿತ್ತೋ, ಲಿಂಗ ಬೇಕಾಗಿತ್ತೋ?”

“ಎರಡೂ ಬೇಕಾಗಿತ್ತ ತಂಗಿ,” ಎಂದರು ಬೀಗತಿ. ಕಿಟಕಿಯ ಕಡೆಗೆ ಮುಖ ಮಾಡಿ, “ಉಸರು ನಿಂತ್ರ ಅಂದ್ರಲ್ಲ ಅವರು. ಅಲ್ಲೇ ಹೋಗಿಬಿಟ್ಟಿದ್ರ? ಕೊರಳಾಗ ಏನೂ ಇಲ್ಲದ, ಯಾರದೋ ಕೂಸಿನಗತೆ ಹೋಗಬೇಕಿತ್ತೇನು?” ಎಂದರು.

ಮಗಳು ಕೂಸಿನ ಹಣೆಯ ಬೆವರು ಒರೆಸಿದಳು. ಸಿಟ್ಟು ನನಗೂ ಇತ್ತು. ಆದರೆ ಅವರ ಭಯವನ್ನು ಸುಳ್ಳು ಎನ್ನುವ ಬಾಯಿ ನನಗಿಲ್ಲ. ಅದೇ ಭಯವನ್ನು ನಾನೂ ದಿನವೂ ವಿಭೂತಿ ಹಚ್ಚಿಕೊಂಡು ಪೂಜೆ ಮಾಡುತ್ತೇನೆ.

ಬೀಗತಿ ಗಜೇಂದ್ರಗಡಕ್ಕೆ ಹೋಗದೆ ನಮ್ಮ ಮನೆಯಲ್ಲೇ ಇಳಿದರು. “ಇಲ್ಲೇ ಇರ್ತೀನಿ. ಬೈಯೂದಿದ್ರ ಎದುರಿಗೆ ಬೈರಿ,” ಎಂದರು. ಮಗಳು ಬೈಯಲೂ ಇಲ್ಲ, ಮಾತಾಡಲೂ ಇಲ್ಲ. ಕೂಸನ್ನು ಅವರ ಕೈಗೆ ಕೊಡುತ್ತಿರಲಿಲ್ಲ.

ಆ ವಾರಗಳಲ್ಲಿ ನನ್ನ ಕೆಲಸ ಹೀಗಿತ್ತು. ಹಾಲು ಒಮ್ಮೆಲೆ ಕುಡಿಸುವಂತಿರಲಿಲ್ಲ. ಒಂದಿಷ್ಟು ಕುಡಿದರೆ ಗುಡ್ಡ ಏರಿದವರ ಹಾಗೆ ಏದುತ್ತಿತ್ತು. ತೆಗೆದು ಭುಜಕ್ಕೆ ಹಾಕಿಕೊಂಡು ಉಸಿರು ಇಳಿಯುವವರೆಗೆ ಕಾಯಬೇಕು, ಮತ್ತೆ ಹಚ್ಚಬೇಕು. ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಆಮ್ಲಜನಕದ ಅಂಕಿ ನೋಡಬೇಕು. ಕಾಲು ತಣ್ಣಗಿದ್ದರೆ ಅಂಕಿ ಸುಳ್ಳು ಹೇಳುತ್ತದೆ, ಮೊದಲು ತಿಕ್ಕಿ ಬೆಚ್ಚಗೆ ಮಾಡಬೇಕು. ಮಲ ಗಟ್ಟಿಯಾಗದಂತೆ ನೋಡಬೇಕು, ಮುಕ್ಕರಿದರೆ ನೀಲಿಗಟ್ಟುತ್ತದೆ. ಎರೆಯುವ ನೀರು ಹದವಾಗಿರಬೇಕು. ಇವೆಲ್ಲ ಒಲೆಯ ಮುಂದೆ ಬೆಳೆದವರಿಗೆ ಬರುವಂಥವೇ. ಒಂದೇ ಫರಕು, ಇಲ್ಲಿ ಹದ ತಪ್ಪಿದರೆ ಇನ್ನೊಮ್ಮೆ ಮಾಡಲು ಬರುವುದಿಲ್ಲ.

ಆ ವಾರಗಳಲ್ಲೇ ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಕೂಸು ಮಗಳ ತೊಡೆಯ ಮೇಲಿಂದ ಸದ್ದಿನ ಕಡೆ ತಿರುಗಿ ನಕ್ಕಿತು. ಬಡಿಯುವುದನ್ನು ನಿಲ್ಲಿಸಿದೆ, ನಗು ನಿಂತಿತು. ಬಡಿದೆ, ನಕ್ಕಿತು. ಬೀಗತಿ ಬಾಗಿಲಲ್ಲೇ ನಿಂತು, “ಬಡಿ ಬೇ, ನಿಲ್ಲಸಬ್ಯಾಡ!” ಎಂದು ಕೂಗಿದರು. ಉಣ್ಣುವವರು ನಾವು ಮೂವರೇ, ಆ ದಿನ ಬುಟ್ಟಿ ತುಂಬ ರೊಟ್ಟಿಯಾದವು. ಮಗಳು ನಗುತ್ತ ನಗುತ್ತ ಅತ್ತೆಯ ಕಡೆ ನೋಡಿಬಿಟ್ಟಳು. ಆಮೇಲೆ ನೆನಪಾಗಿ ಮುಖ ತಿರುಗಿಸಿದಳು. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಹೊಲದ ಕಡೆಯಿಂದ ಹಕ್ಕಿಗಳ ಸಾಲು ಮನೆಯ ಮೇಲೆ ಹಾದುಹೋದರೆ ನಾವು ಮೂವರೂ ತಲೆ ಎತ್ತುತ್ತಿದ್ದೆವು.

ಎರಡನೆಯ ಸ್ಕ್ಯಾನ್ ಹತ್ತಿರ ಬಂದಂತೆ ನನಗೆ ಸಮಾಧಾನ ಇಲ್ಲದಾಯಿತು. ಮತ್ತೆ ಅದೇ ಬಾಗಿಲು, ಅದೇ ಶಿವದಾರ. ಬೀಗತಿ ಈ ಸಲ ಕಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಕಟ್ಟದೆ ಕೂಸಿಗೆ ಏನಾದರೂ ಆದರೆ ಅವರು ಬದುಕಿರುವವರೆಗೆ ಬೇಯುತ್ತಾರೆ. ನಾನೂ ಬೇಯುತ್ತೇನೆ. ಹೀಗಾಗಿ ಒಂದು ಮುಂಜಾನೆ ಬಸ್ಸು ಹತ್ತಿ ನನ್ನ ತವರು ಚಿಕ್ಕನರಗುಂದಕ್ಕೆ ಹೋದೆ. ಮಗಳ ಬಸುರಿನಲ್ಲಿ ಕೂಸಿಗೆ ಲಿಂಗ ಕೊಟ್ಟ ಅಯ್ಯನವರು ಅಲ್ಲಿಯವರು. ಕಣ್ಣು ಮಂಜಾಗಿದೆ, ಕಿವಿ ಚುರುಕಿದೆ.

“ಹೆಜ್ಜಿ ಸಪ್ಪಳದಾಗ ತ್ರಾಸ ಕೇಳಾಕ ಹತ್ತೇತಿ. ಏನಾತ ಬೇ?” ಎಂದರು.

ಎಲ್ಲ ಹೇಳಿದೆ. ಬೆಳ್ಳಿ, ಕಿರಣ, ಹಕ್ಕಿ, ಬೀಗತಿ, ಎಲ್ಲ. “ಸ್ಕ್ಯಾನ್ ಆಗೂತನಕ ಲಿಂಗ ತಗದ್ರ ನಡೀತೈತೇನ್ರಿ ಅಯ್ಯಾರ? ನಡೀತೈತಿ ಅಂತ ನೀವು ಅಂದ್ರ ಸಾಕು, ಅವರ ಜೀವ ತಣ್ಣಗಾಗತೈತಿ,” ಎಂದೆ.

ಅವರು ತಮ್ಮ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡರು.

“ಎಂಟನೇ ತಿಂಗಳದಾಗ ನಾ ಕೊಟ್ಟಾಗ ಕೂಸಿನ ಕೊರಳು ಎಲ್ಲಿತ್ತು?”

“ಹೊಟ್ಟ್ಯಾಗ್ರಿ.”

“ಲಿಂಗ ಯಾರ ಕೊರಳಾಗ ಇತ್ತು?”

“ನನ್ನ ಮಗಳ ಕೊರಳಾಗ.”

“ಆವಾಗ ಒಬ್ಬರದು ಒಬ್ಬರು ಹೊತ್ರ ನಡೀತು. ಈಗ್ಯಾಕ ನಡೆಯಂಗಿಲ್ಲ? ಆ ಮಿಶಿನ್ನಿನ ಹೊಟ್ಟ್ಯಾಗ ಕೂಸು ಇರೂತನಕ ಯಾರರೆ ರಕ್ತಸಂಬಂಧದವರು ಅಂಗೈ ಮ್ಯಾಲೆ ಹಿಡೀರಿ. ನೆಲಕ್ಕ ಇಡಬ್ಯಾಡ್ರಿ, ಗಂಟು ಕಟ್ಟಬ್ಯಾಡ್ರಿ. ಕೂಸು ಹೊರಗ ಬಂದ ಮ್ಯಾಲೆ ಅದರ ಕೊರಳಿಗೆ ಹಾಕ್ರಿ. ಪೂಜಿ ಹೊತ್ತಿನಾಗ ಲಿಂಗ ಎಡಗೈಯಾಗ, ಕಡೀಕ ಮಣ್ಣಿಗೆ ಇಡೂ ಮುಂದೂ ಎಡಗೈಯಾಗ. ಕೈ ಅಂದ್ರ ಅದಕ್ಕ ಹೊಸಾ ಜಾಗಾ ಅಲ್ಲ.”

ಬರುವಾಗ ಬಸ್ಸಿನಲ್ಲಿ ನನ್ನ ಎಡಗೈಯನ್ನು ನೋಡುತ್ತ ಬಂದೆ. ಮನೆಗೆ ಬಂದು ಹೇಳಿದಾಗ ಬೀಗತಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ನೀವ ಹಿಡೀರಿ. ನನ್ನ ಕೈ ಮ್ಯಾಲೆ ನನಗ ಭರೋಸಾ ಉಳದಿಲ್ಲ,” ಎಂದರು.

ಎರಡನೆಯ ಸಲ ಎಲ್ಲ ಸುಸೂತ್ರವಾಗಿ ನಡೆಯಿತು. ಖಾಲಿ ಹೊಟ್ಟೆಯ ಕೂಸು ನನ್ನ ತೋಳಲ್ಲಿ ಮೊದಲಿಗಿಂತ ಕಡಿಮೆ ಅತ್ತಿತು. ನಾನು ಕಲಿತಿದ್ದೆನೋ, ಅದರ ಶಕ್ತಿ ಇಳಿದಿತ್ತೋ. ಸೂಜಿ ಮೊದಲೇ ಪಾದಕ್ಕೆ ಚುಚ್ಚಿದರು, ಒಂದೇ ಸಲಕ್ಕೆ ನರ ಸಿಕ್ಕಿತು. ಸ್ಕ್ಯಾನ್ ಮಾಡುವವನು ಬಾಗಿಲಲ್ಲೇ ಕೌದಿಯನ್ನು ಎತ್ತಿ, ಕೊಡವಿ, ಬೆಳಕಿಗೆ ಹಿಡಿದ.

“ಅಜ್ಜಿ, ಈ ಸಲ ನಿಮ್ಮ ಕೌದಿಗೆ ರಜಾ,” ಎಂದು ಬೀಗತಿಯ ಕಡೆ ನೋಡಿದ.

“ನನ್ನ ಸೆರಗೂ ಝಾಡಿಸಿ ನೋಡಪಾ, ಒಳಗ ಏನರೆ ಇಟ್ಟೀನೋ ಏನೋ,” ಎಂದರು ಬೀಗತಿ. ಅವನಿಗೆ ನಾಚಿಕೆಯಾಯಿತು.

ಶಿವದಾರ ಬಿಚ್ಚಿದವರು ಅವರೇ. ಕರಡಿಗೆ ತೆರೆದು ಲಿಂಗವನ್ನು ನನ್ನ ಎಡ ಅಂಗೈಯ ಮೇಲೆ ಇಟ್ಟರು. ಕೂಸಿನ ಮೈಯ ಬಿಸಿ ಅದಕ್ಕೆ ಇನ್ನೂ ಇತ್ತು. ಮೇಲೆ ಬಲಗೈ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತೆ. ಒಳಗೆ ಯಂತ್ರ ಗುಂಯ್ ಎಂದು ತಿರುಗುವುದು ಗೋಡೆಯಾಚೆ ಕೇಳಿಸುತ್ತಿತ್ತು. ನಾನು ಏನೂ ಬೇಡಿಕೊಳ್ಳಲಿಲ್ಲ. ಬೇಡುವ ಮಾತುಗಳೆಲ್ಲ ಮೊದಲ ಸಲವೇ ಖರ್ಚಾಗಿದ್ದವು. ಹಿಡಿದುಕೊಂಡೆ, ಅಷ್ಟೇ. ಬಿಸಿ ಆರುವುದರೊಳಗೆ ಕೂಸನ್ನು ಹೊರಗೆ ತಂದರು. ಉಸಿರಾಡುತ್ತಿತ್ತು. ಅದೊಂದು ದೊಡ್ಡ ದಯೆ. ಅದನ್ನು ಇಂದಿಗೂ ಮರೆತಿಲ್ಲ.

ಚಿತ್ರ ಈ ಸಲ ಕನ್ನಡಿಯ ಹಾಗೆ ಸ್ವಚ್ಛ ಬಂದಿತ್ತು.

ಡಾಕ್ಟರು ಕೊರಳಿನಿಂದ ಕೆಳಗೆ ಒಂದೊಂದೇ ಪದರು ಸರಿಸುತ್ತ ಬಂದರು, ಉಳ್ಳಾಗಡ್ಡಿ ಸುಲಿದ ಹಾಗೆ. ಮಹಾಧಮನಿಯ ಕಮಾನು ಬಂತು. ಅದರ ಕೆಳಗಿನ ಪದರಿನಲ್ಲಿ ಅವರ ಬೆರಳು ನಿಂತಿತು. ಮೇಲೆ ಹೋದರು, ಕೆಳಗೆ ಬಂದರು, ಮತ್ತೆ ಮೇಲೆ ಹೋದರು. ಆಮೇಲೆ ಒಂದು ಗುಂಡಿ ಒತ್ತಿದರು. ಇಡೀ ಹೃದಯ ಕೆಂಪು ಬಣ್ಣದಲ್ಲಿ ಎದ್ದು ನಿಂತಿತು, ಅದನ್ನು ತಿರುಗಿಸಿ ಬೆನ್ನ ಕಡೆ ತೋರಿಸಿದರು. ಇಳಿಯುವ ಮಹಾಧಮನಿಯಿಂದ ಶಾವಿಗೆಯ ಎಳೆಗಳ ಹಾಗೆ ಸಣ್ಣ ನಾಳಗಳು ಸೊಟ್ಟಸೊಟ್ಟಗೆ ಪುಪ್ಪುಸಕ್ಕೆ ಹೋಗಿದ್ದವು. ಕೆಲವು ನಡುವೆಯೇ ಕಿರಿದಾಗಿ ಕಾಣದಾಗಿದ್ದವು. ಎರಡೂ ಪುಪ್ಪುಸದ ನಡುವೆ, ಮಹಾಧಮನಿಯ ಹಿಂದೆ, ಖಾಲಿ ಇತ್ತು.

ನಾವು ಯಾರೂ ಕೇಳುವುದಕ್ಕೆ ಮುಂಚೆ ಬೀಗತಿ ಕೇಳಿದರು. “ಹಕ್ಕಿ ಹಾರಿ ಹೋತೇನ್ರಿ?”

“ಇಲ್ರಿ ಅಮ್ಮಾ. ಬಂದೇ ಇಲ್ಲ.”

ಅಳಿಯಂದಿರು ಪರದೆಗೆ ಮುಖ ಹತ್ತಿರ ಒಯ್ದು ಆ ಎಳೆಗಳನ್ನೇ ನೋಡುತ್ತಿದ್ದರು. “ಮಗ್ಗದ ಮ್ಯಾಲೆ ಎಳಿ ಹರದ್ರ ನಾವು ಕೂಡಸ್ತೀವ್ರಿ ಸರ್. ಈ ಎಳಿ ಎಲ್ಲಾ ಹಿಡದು ಒಂದಕ್ಕೊಂದು ಕೂಡಸಾಕ ಬರಂಗಿಲ್ಲೇನು?”

“ಹಂಗ ಮಾಡೂ ಆಪರೇಶನ್ ಐತ್ರಿ. ಎಳಿ ಗಟ್ಟಿ ಇದ್ರ ಮಾಡತಾರ. ಇವು ಎಳಿ ಅಲ್ಲ, ಕೂದಲಾ. ಸೂಜಿ ತಾಳಂಗಿಲ್ಲ.”

ಅಳಿಯಂದಿರು ತಲೆ ಆಡಿಸಿದರು. ದಾರದ ವಿಷಯ ಅವರಿಗೆ ಎರಡು ಸಲ ಹೇಳಬೇಕಾಗಿರಲಿಲ್ಲ.

ಚಿತ್ರಗಳನ್ನು ಬೆಂಗಳೂರಿನ ದೊಡ್ಡ ದವಾಖಾನೆಗೆ ಕಳಿಸಿದರು. ಅವತ್ತೇ ಫೋನಿನಲ್ಲಿ ಅಲ್ಲಿಂದಲೂ ಬಂದ ಉತ್ತರ ಅದೇ. ಮೈಯ ನೀರು ಇಳಿಸುವ ಔಷಧಿ, ಬೇಕಾದಾಗ ಮನೆಯಲ್ಲೇ ಆಮ್ಲಜನಕ, ಇಷ್ಟು ಬರೆದುಕೊಟ್ಟರು. ಎಷ್ಟು ದಿನ ಎಂದು ಮಗಳು ಕೇಳಿದಳು. “ಅಳಿಸಬ್ಯಾಡ್ರಿ,” ಎಂದಷ್ಟೇ ಹೇಳಿದರು ಡಾಕ್ಟರು.

ಬೀಗತಿ ಬಾಗಿಲಲ್ಲಿ ತಡೆದು ನಿಂತರು. “ಸಾಹೇಬ್ರ, ಖರೇ ಹೇಳ್ರಿ. ಅವತ್ತ ನಾ ಕಟ್ಟದಿದ್ರ?”

“ಅವತ್ತೂ ಇದ ಕಾಣತಿತ್ತು. ನಿಮ್ಮಿಂದ ಏನೂ ಹೋಗಿಲ್ಲ.”

ಅವರಿಗೆ ಇದರಿಂದ ಸಮಾಧಾನವಾಗುತ್ತದೆ ಎಂದು ನಾನು ಎಣಿಸಿದ್ದೆ. ಆಗಲಿಲ್ಲ. ತಪ್ಪು ತಮ್ಮದಾಗಿದ್ದರೆ ತಿದ್ದಲು ಬರುತ್ತಿತ್ತು ಎಂದು ಅವರ ಜೀವ ಆವರೆಗೆ ನಂಬಿಕೊಂಡಿತ್ತೋ ಏನೋ. ಗೋಡೆ ಹಿಡಿದು ಕೂತುಬಿಟ್ಟರು. ನನ್ನ ಕೈಯಲ್ಲಿ ಲಿಂಗ ಇನ್ನೂ ಹಾಗೇ ಇತ್ತು. ಚಿತ್ರ ನೋಡುವ ಗಡಿಬಿಡಿಯಲ್ಲಿ ಕೂಸಿನ ಕೊರಳಿಗೆ ಹಾಕಿರಲಿಲ್ಲ. ಆಗ ಮಗಳು ಬಂದು ಕೂಸನ್ನು ಅತ್ತೆಯ ಮಡಿಲಲ್ಲಿ ಹಾಕಿದಳು. ಮೊದಲ ಸ್ಕ್ಯಾನ್ ಆದಂದಿನಿಂದ ಅವರಿಗೆ ಅದು ಸಿಕ್ಕಿರಲಿಲ್ಲ.

“ಕಟ್ರಿ ಅತ್ತೀ,” ಎಂದಳು.

ಅವರ ಕೈಗೆ ಶಿವದಾರದ ಗಂಟು ಬೀಳಲೊಲ್ಲದಾಯಿತು. ಇಬ್ಬರೂ ಕೂಡಿ ಕಟ್ಟಿದರು.

ನಾನು ಈಗಲೂ ಆ ನಡುವಿನ ವಾರಗಳನ್ನು ನೆನೆಯುತ್ತೇನೆ. ಮೊದಲ ಚಿತ್ರ ಕೆಡದಿದ್ದರೆ ಆ ರೊಟ್ಟಿಯ ಸಂಜೆ ನಾವು ಹಾಗೆ ನಗುತ್ತಿರಲಿಲ್ಲ. ಬೆಳ್ಳಿಯ ಕಿರಣದ ಹಿಂದೆ ಎಲ್ಲೋ ಒಂದು ಹಕ್ಕಿ ಇದೆ ಎಂದುಕೊಂಡು ನಕ್ಕೆವು. ಅದು ದೇವರ ದಯೆ ಎನ್ನಲೋ, ದೇವರು ತಡಮಾಡಿ ಹೊಡೆದ ಪೆಟ್ಟು ಎನ್ನಲೋ ನನಗೆ ತಿಳಿದಿಲ್ಲ. ದಯೆಯ ಲೆಕ್ಕಕ್ಕೇ ಹಾಕಿದ್ದೇನೆ. ಬೇರೆ ಕಡೆ ಹಾಕಿದರೆ ಮುಂಜಾನೆ ಏಳಲು ಆಗುವುದಿಲ್ಲ.

ಕೂಸು ಇನ್ನೂ ನಮ್ಮ ರೋಣದ ಮನೆಯಲ್ಲೇ ಇದೆ. ಬೀಗತಿಯೂ ಇದ್ದಾರೆ. ಹಾಲು ಮೊದಲಿಗಿಂತ ಕಡಿಮೆಯಾಗಿದೆ, ನಿದ್ದೆ ಹೆಚ್ಚಾಗಿದೆ. ರೊಟ್ಟಿ ಬಡಿದರೆ ಕಣ್ಣು ತಿರುಗಿಸುತ್ತದೆ, ನಗುವಷ್ಟು ಉಸಿರು ಕೆಲವು ದಿನ ಮಾತ್ರ ಇರುತ್ತದೆ. ಮುಂಜಾನೆ ಎರೆದು, ಒರೆಸಿ, ಹಣೆಗೆ ವಿಭೂತಿ ಹಚ್ಚಿ, ಅದರ ಲಿಂಗಕ್ಕೆ ನಾವೇ ಪೂಜೆ ಮಾಡುತ್ತೇವೆ. ನನ್ನ ಅಂಗೈಯ ಮೇಲೆ ಅಲ್ಲ. ಕೂಸಿನ ಎಡ ಅಂಗೈ ಬಿಡಿಸಿ ಅದರ ಮೇಲೆಯೇ ಇಡುತ್ತೇವೆ. ಆ ಕೈಗೆ ಲಿಂಗ ದೊಡ್ಡದು. ಇಟ್ಟ ಕೂಡಲೇ ನೀಲಿ ಉಗುರಿನ ಐದು ಬೆರಳು ಅದನ್ನು ಸುತ್ತಿ ಬಿಗಿದುಕೊಳ್ಳುತ್ತವೆ.

“ಹಿಡದಾಳ ನೋಡ್ರಿ,” ಎನ್ನುತ್ತಾರೆ ಬೀಗತಿ, ದಿನವೂ.

ಆ ಕೈಯಲ್ಲಿ ಅದನ್ನು ಕಡೆಯ ಸಲ, ಮಣ್ಣಿಗೆ ಒಯ್ಯುವಾಗ, ಇಡಬೇಕಾಗುತ್ತದೆ ಎಂಬುದು ನಮಗಿಬ್ಬರಿಗೂ ಗೊತ್ತು. ಆ ದಿನ ಬೆರಳುಗಳನ್ನು ನಾವೇ ಮಡಚಬೇಕಾಗುತ್ತದೆ. ಇವತ್ತು ಮಡಚಬೇಕಾಗಲಿಲ್ಲ.

“ಹೌದ್ರಿ,” ಎನ್ನುತ್ತೇನೆ ನಾನು. “ಗಟ್ಟಿ ಹಿಡದಾಳ.”